ಗ್ರಹಸ್ಥಳಾಂತರದಲ್ಲಿ ಬಣವೆಯ ಸ್ಥಾನ: ಮಲಪ್ರಭೆಯ ದಂಡೆಯಿಂದ ಒಂದು ತಿದ್ದುಪಡಿ

ಮೇಜಿನ ಸುತ್ತ ಕುಳಿತು ಪಾತ್ರ ವಹಿಸಿ ಆಡುವ ಆಟಗಳು 1974ರ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನಿಂದ ಹೆಸರಾಗಿ, 1977ರ ‘ಟ್ರಾವೆಲರ್’ ಹೊತ್ತಿಗೆ ಅಂತರಿಕ್ಷ ಮುಟ್ಟಿದವು. ಈ ಕುಲದ ಆಟಗಳಿಗೆ ಒಗ್ಗಿದ ಸನ್ನಿವೇಶವೊಂದಿದೆ: ಗ್ರಹ ನಾಶವಾಗಲಿದೆ, ಹಡಗು ಕಡಿಮೆ, ಜನ ಬಹಳ, ಗಡುವು ಹತ್ತಿರ, ದಾಳ ಉರುಳಿಸುತ್ತ ಎಲ್ಲರನ್ನೂ ದಾಟಿಸಬೇಕು. ನಿಯಮ ಬರೆಯುವವರು ಇಂಧನ ಅಳೆಯುತ್ತಾರೆ, ಆಸನ ಎಣಿಸುತ್ತಾರೆ, ಬಣವೆಯನ್ನು ಮಾತ್ರ ಮರೆಯುತ್ತಾರೆ. ಈ ಲೋಪವನ್ನು ನರಗುಂದ, ರೋಣ ತಾಲ್ಲೂಕುಗಳ ಪುರಾವೆಯಿಂದ ತಿದ್ದುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಹಡಗು ಹಾರಿದೊಡನೆ ಆಟ ಮುಗಿಯಿತೆಂದು ನಿಯಮ ಬರೆಯುವವರು ಬಗೆದಿದ್ದಾರೆ. ಹಡಗು ಹಾರಿದ ಮರುದಿನ ಬೆಳಿಗ್ಗೆ ಎಮ್ಮೆ ಹಿಂಡಲು ಯಾರು ವಾಪಸು ಬಂದರು ಎಂಬಲ್ಲಿಂದ ಆಟ ಶುರುವಾಗುತ್ತದೆ ಎಂಬುದು ನಮ್ಮ ಸಿದ್ಧಾಂತ.

ಪುರಾವೆಗೆ ಬರೋಣ. ಸವದತ್ತಿ ಬಳಿಯ ನವಿಲುತೀರ್ಥ ಜಲಾಶಯ ತುಂಬಿ ಗೇಟು ಎತ್ತಿದರೆ ಮಲಪ್ರಭೆ ಕೊಣ್ಣೂರು, ಲಖಮಾಪುರ, ಮೆಣಸಗಿಗಳ ಕದ ತಟ್ಟುತ್ತಾಳೆ. ಅದೇ ಹೊತ್ತಿಗೆ ಬೆಣ್ಣಿಹಳ್ಳವೂ ಏರಿದರೆ ಯಾವಗಲ್ಲಿನಂಥ ಊರಿಗೂ ಪ್ರಳಯದ ಪಾಲು ಸಿಗುತ್ತದೆ. 2009ರ ನೆರೆಯ ನಂತರ ಸರ್ಕಾರ ‘ಆಸರೆ’ ಹೆಸರಿನಲ್ಲಿ ದಂಡೆಯಿಂದ ದೂರ ಹೊಸ ಮನೆಗಳನ್ನು ಕಟ್ಟಿಸಿತು. ಆಟದ ಭಾಷೆಯಲ್ಲಿ ಹೇಳುವುದಾದರೆ ಎರಡನೇ ಗ್ರಹ ಸಿದ್ಧವಾಯಿತು. ಆದರೆ ಎಷ್ಟೋ ನವಗ್ರಾಮಗಳಲ್ಲಿ ಮೊದಲು ನೆಲೆಸಿದ ಪ್ರಜೆ ಜಾಲಿಕಂಟಿ. 2019ರ ಆಗಸ್ಟ್‌ನಲ್ಲಿ ಹೊಳೆ ಮತ್ತೆ ಬಂದಾಗ ಅದು ಹಳೆಯ ಊರಿಗೇ ಬಂತು, ಅಲ್ಲಿ ಜನರೂ ಇದ್ದರು. ಇದನ್ನು ಮೊಂಡುತನ ಎನ್ನುವವರು ಹೊಸ ಮನೆಯ ನಕ್ಷೆ ನೋಡಿಲ್ಲ. ಎರಡು ಎತ್ತು, ಒಂದು ಎಮ್ಮೆ, ಚಕ್ಕಡಿ, ಹೊಟ್ಟಿನ ಗೂಡು, ಜೋಳದ ಕಣಿಕೆಯ ಬಣವೆ, ಮುಂದೆ ಬೇರೆಯಾಗಲಿರುವ ತಮ್ಮನಿಗೊಂದು ಖೋಲಿ: ಇವಿಷ್ಟೂ ಸೇರಿದರೆ ಒಂದು ಒಕ್ಕಲು. ನಕ್ಷೆಯಲ್ಲಿ ಇದ್ದದ್ದು ಗಂಡ, ಹೆಂಡತಿ, ಎರಡು ಮಕ್ಕಳು ಮತ್ತು ಒಂದು ಕಿಟಕಿ. ಮೇಲಾಗಿ ಹೊಲ ಹೊಳೆಯ ಬದಿಗೇ ಉಳಿಯಿತು. ಮನೆ ಮುಳುಗಿಸುವ ನೀರೇ ಎರಿ ಹೊಲಕ್ಕೆ ಮೆಕ್ಕಲು ತಂದು ಹಾಕುವಾಗ, ಆ ನೀರನ್ನು ಪೂರ್ತಿ ವೈರಿ ಎನ್ನಲು ಯಾವ ಒಕ್ಕಲಿಗನ ನಾಲಿಗೆಯೂ ಹೊರಳದು.

ಹಳ್ಳಿಗರಿಗೆ ಇಂಥ ಆಟ ತಿಳಿಯದು ಎಂಬ ಆಕ್ಷೇಪವನ್ನು ಬೇಗ ಮುಗಿಸಬಹುದು. ದೊಡ್ಡಾಟದಲ್ಲಿ ರಾತ್ರಿಯಿಡೀ ರಾವಣನಾಗಿ ಮೆರೆದು, ಮುಂಜಾನೆ ಕಿರೀಟ ಇಳಿಸಿ ಕುಂಟೆ ಹೊಡೆಯಲು ಹೋಗುವ ಸೀಮೆಯವರಿಗೆ ಪಾತ್ರ ವಹಿಸುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ದಾಳದ ಕೊರತೆಯೂ ಇಲ್ಲ. 2019ರ ನೆರೆಯ ನಂತರ ಬಿದ್ದ ಮನೆಗಳನ್ನು ಪರಿಹಾರಕ್ಕಾಗಿ ಎ, ಬಿ, ಸಿ ಎಂದು ವಿಂಗಡಿಸಲಾಯಿತು: ಎ ಬಂದರೆ 5 ಲಕ್ಷ ರೂಪಾಯಿ, ಸಿ ಬಂದರೆ 50 ಸಾವಿರ. ಗೋಡೆ ಪಂಚನಾಮೆಯ ಹಿಂದಿನ ದಿನ ಬಿತ್ತೋ ಮರುದಿನ ಬಿತ್ತೋ ಎಂಬುದರ ಮೇಲೆ ಪಾತ್ರದ ವರ್ಗ ನಿರ್ಧಾರವಾಗುವ ಇಂಥ ನಿಯಮ ಈ ಆಟ ಕಟ್ಟಿದ ಅಮೆರಿಕದವರಿಗೂ ಹೊಳೆದಿರಲಾರದು.

ಹತ್ತಿರದ ಗಜೇಂದ್ರಗಡವನ್ನೇ ಎರಡನೇ ಗ್ರಹವಾಗಿ ಏಕೆ ಆರಿಸಬಾರದು ಎಂಬ ಆಕ್ಷೇಪ ತೂಕದ್ದು. ಗುಡ್ಡವಿದೆ, ಕೋಟೆಯಿದೆ, ಸಾಲುಸಾಲು ಗಾಳಿಯಂತ್ರಗಳು ತಿರುಗುತ್ತ ಚಿತ್ರಕ್ಕೂ ಒಪ್ಪುತ್ತವೆ. ಪಕ್ಕದ ಕಾಲಕಾಲೇಶ್ವರ ಗುಡಿಯಲ್ಲಿ ಬಂಡೆಯೊಳಗಿಂದ ಅಂತರಗಂಗೆ ಜಿನುಗುವುದರಿಂದ ಕುಡಿಯುವ ನೀರಿನ ಅಂಕವೂ ಸಿಗುತ್ತದೆ. ಆದರೆ ಹೊಳೆಸಾಲಿನ ಎರಿಯಲ್ಲಿ ಹಿಂಗಾರಿ ಕಡಲೆ ಬಿತ್ತಿದವನಿಗೆ ಗುಡ್ಡದ ಕಲ್ಲು ತೋರಿಸಿದರೆ ಅವನು ಕೈಮುಗಿದು, ಕಾಯಿ ಒಡೆಸಿ, ಸಂಜೆಯ ಬಸ್ಸಿಗೆ ಊರಿಗೆ ಮರಳುತ್ತಾನೆ. ಜಾತ್ರೆಗೆ ಹೋಗುವ ಊರು ಬೇರೆ, ಬಣವೆ ಒಟ್ಟುವ ಊರು ಬೇರೆ.

ಉಳಿದದ್ದು ತರ್ಕಪಂಡಿತರ ಕೊನೆಯ ಅಸ್ತ್ರ: ನೆರೆ ಇಳಿಯುತ್ತದೆ, ಹಾಗಾಗಿ ಜನ ಮರಳುತ್ತಾರೆ, ಗ್ರಹವೇ ಸಿಡಿದು ಹೋದರೆ ಮರಳುವುದೆಲ್ಲಿಗೆ? ಇದು ಹೊಲದ ಉತಾರದ ಸ್ವರೂಪ ಅರಿಯದವರ ಪ್ರಶ್ನೆ. ಗ್ರಹ ಸಿಡಿದರೂ ಸರ್ವೆ ನಂಬರು ಸಿಡಿಯುವುದಿಲ್ಲ. ಚೂರುಗಳೆಷ್ಟು ಎಂದು ಖಗೋಳಜ್ಞರು ಎಣಿಸಿ ಮುಗಿಸುವ ಮೊದಲೇ, ಅಣ್ಣತಮ್ಮಂದಿರಿಬ್ಬರು ಹದ್ದುಬಸ್ತಿಗೆ ಅರ್ಜಿ ಕೊಟ್ಟಿರುತ್ತಾರೆ.