ಪ್ರತಿವಾದಿ ಭಯಂಕರರಿಗೆ ಒಂದು ಬಿನ್ನವತ್ತಳೆ

ಹಳೆಯ ಹಾಡುಗಳ ಏಕಮಾತ್ರ ವಾರಸುದಾರರೂ, ಸುವರ್ಣಯುಗದ ಪಾರುಪತ್ತೇಗಾರರೂ, ‘ಈಗಿನವೂ ಹಾಡುಗಳೇನ್ರೀ?’ ಎಂಬ ಮಹಾವಾಕ್ಯದ ದ್ರಷ್ಟಾರರೂ ಆದ ಮಹಾಶಯರ ಪಾದಾರವಿಂದಗಳಿಗೆ ಮೈಸೂರಿನ ಬಡ ಕೇಳುಗನೊಬ್ಬ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಇತ್ತ ಎಲ್ಲರೂ ಕ್ಷೇಮ. ತಮ್ಮ ಕ್ಷೇಮಕ್ಕೆ ಕಾಗದ ಬರೆದು ತಿಳಿಸಿ ಎಂದು ಕೇಳುವ ಅಗತ್ಯವಿಲ್ಲ. ಬೆಳಗ್ಗೆ ಆರೂವರೆಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ತಮ್ಮ ಜೇಬಿನ ಮೊಬೈಲೇ ಅದನ್ನು ಊರಿಗೆಲ್ಲ ಸಾರುತ್ತಿರುತ್ತದೆ. ಇಯರ್‌ಫೋನ್ ಎಂಬ ಸ್ವಾರ್ಥದ ಸಾಧನವನ್ನು ತಾವು ಕೈಯಲ್ಲೂ ಮುಟ್ಟಿದವರಲ್ಲ. ಕೆರೆಯ ಹೆಜ್ಜಾರ್ಲೆಗಳೂ ಪಿ.ಬಿ. ಶ್ರೀನಿವಾಸರನ್ನು ಕೇಳಿ ಪಾವನವಾಗಲಿ ಎಂಬ ತಮ್ಮ ಔದಾರ್ಯಕ್ಕೆ ನಾನು, ನಿದ್ದೆಗಣ್ಣಲ್ಲಿ ನಾಲ್ಕು ಹೆಜ್ಜೆ ಸುಮ್ಮನೆ ನಡೆಯಲು ಬಂದವನು, ಚಿರಋಣಿ.

ಅಂದಹಾಗೆ, ಆ ಪಿ.ಬಿ. ಎಂಬ ಎರಡಕ್ಷರದ ವಿಸ್ತಾರ ‘ಪ್ರತಿವಾದಿ ಭಯಂಕರ’ ಎಂದು ತಮಗೆ ನಾನು ಹೇಳಬೇಕಾಗಿಲ್ಲ. ಎದುರು ವಾದಿಸುವವರ ಎದೆ ನಡುಗಿಸುವವರು ಎಂದರ್ಥ. ಬೆಣ್ಣೆಯಂಥ ದನಿಯ ಆ ಮೃದು ಮನುಷ್ಯರಿಗೆ ಹೆಸರು ಮಾತ್ರ ಬಂತು, ಅರ್ಥ ಪೂರ್ತಿ ತಮಗೇ ಸಂದಿತು. ಮದುವೆ ಮನೆಯ ಊಟದ ಪಂಕ್ತಿಯಲ್ಲಿ ತಮ್ಮ ಪಕ್ಕ ಕೂತು ‘ಈ ಹೊಸ ಹಾಡು ಪರವಾಗಿಲ್ಲ’ ಅಂದವನು ಒಬ್ಬಟ್ಟು ಬರುವ ಮುಂಚೆ ಕೈತೊಳೆದು ಎದ್ದುಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ತಮ್ಮ ಪರಂಪರೆ ದೊಡ್ಡದು, ಸ್ವಾಮಿ. ತಮ್ಮ ಕುಲದ ಮೂಲಪುರುಷರಲ್ಲಿ ಬಿ.ವಿ. ಕೇಸ್ಕರ್ ಅವರನ್ನು ಸ್ಮರಿಸದಿದ್ದರೆ ದೋಷ ತಟ್ಟೀತು. 1952ರಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವರಾದ ಅವರಿಗೆ ಸಿನಿಮಾ ಹಾಡು ಎಂದರೆ ಜನರ ಅಭಿರುಚಿ ಕೆಡಿಸುವ ಸರಕು. ಅವರ ಕಾಲದಲ್ಲಿ ಆಕಾಶವಾಣಿಯಿಂದ ಚಿತ್ರಗೀತೆ ಮಾಯವಾಯಿತು. (ಆಕಾಶವಾಣಿ ಎಂಬ ಹೆಸರು 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ನಮ್ಮ ಮೈಸೂರಿನಲ್ಲೇ ನಡೆಸಿದ ರೇಡಿಯೋದಿಂದ ಬಂದದ್ದು. ಊರಿನ ಅಭಿಮಾನ, ಕ್ಷಮಿಸಬೇಕು.) ಜನ ಏನು ಮಾಡಿದರು? ಮುಳ್ಳು ತಿರುಗಿಸಿ ರೇಡಿಯೋ ಸಿಲೋನ್ ಹಿಡಿದರು. ಕಡೆಗೆ 1957ರಲ್ಲಿ ಸರ್ಕಾರವೇ ವಿವಿಧ ಭಾರತಿ ಶುರುಮಾಡಿ ಹಾಡಿನ ಬುಟ್ಟಿ ಹೊತ್ತು ಜನರ ಹಿಂದೆ ಓಡಬೇಕಾಯಿತು. ಸಚಿವರ ಕಿವಿಗೆ ಕಸವಾಗಿದ್ದ ಅದೇ ಹಾಡುಗಳನ್ನು ಇವತ್ತು ತಾವು ವಾಟ್ಸ್ಯಾಪಿನಲ್ಲಿ ‘ಅಪ್ಪಟ ಚಿನ್ನ’ ಎಂಬ ಶೀರ್ಷಿಕೆ, ಹನ್ನೊಂದು ಗುಲಾಬಿ ಸಮೇತ ಕಳಿಸುತ್ತೀರಿ. ನಾನು ಪ್ರತಿಯೊಂದಕ್ಕೂ ಕೈಮುಗಿಯುವ ಚಿತ್ರ ಒತ್ತುತ್ತೇನೆ.

ಇನ್ನು 1987. ನಾನು ಪಿಯುಸಿ. ‘ಪ್ರೇಮಲೋಕ’ ಬಂತು, ಹಂಸಲೇಖ ಬಂದರು, ಹುಡುಗ ಹುಡುಗಿ ಕಾಲೇಜಿನ ಮೆಟ್ಟಿಲ ಮೇಲೆ ಜಗಳವಾಡುವ ಮಾತನ್ನೇ ಹಾಡು ಮಾಡಿಬಿಟ್ಟರು. ನಮ್ಮ ವಠಾರದಲ್ಲಿ ತಮ್ಮ ಕುಲದ ಹಿರಿಯರೊಬ್ಬರಿದ್ದರು. ಅವರು ತಾವೇ ಅಲ್ಲ ಎಂದು ನಂಬಿದ್ದೇನೆ, ಆದರೂ ಹೋಲಿಕೆ ಬಹಳ. ನಮ್ಮ ಮನೆಯ ಟೇಪ್ ರೆಕಾರ್ಡರ್ ಸದ್ದು ಮಾಡಿದ ಕೂಡಲೇ ಅವರ ಕಿಟಕಿ ದಢಾರನೆ ಮುಚ್ಚುತ್ತಿತ್ತು. ‘ಇದು ಹಾಡಲ್ಲ ಕಣೋ, ಬಸ್‌ಸ್ಟ್ಯಾಂಡ್ ಗಲಾಟೆ. ಇದಕ್ಕೆ ಸಾಹಿತ್ಯ ಬೇರೆ ಕೇಡು’ ಎಂದು ಅಪ್ಪನ ಮುಂದೆ ನನಗೆ ಉಪದೇಶವಾಯಿತು. ಹಾಡಿದವರು ಎಸ್‌ಪಿಬಿ ಮತ್ತು ಜಾನಕಿಯಮ್ಮನವರೇ ಎಂದು ಅಂಜುತ್ತ ಅರಿಕೆ ಮಾಡಿಕೊಂಡೆ. ‘ಹೊಟ್ಟೆಪಾಡು, ಅವರೇನು ಮಾಡಿಯಾರು’ ಎಂದರು. ಆಮೇಲೆ ಒಂದು ಸಂಜೆ ಖುದ್ದಾಗಿ ಬಂದು, ಅದು ಎಷ್ಟು ಕೆಟ್ಟದಾಗಿದೆ ಎಂದು ಪೂರ್ತಿಯಾಗಿ ಪರೀಕ್ಷಿಸಬೇಕೆಂದು ಕ್ಯಾಸೆಟ್ಟನ್ನು ಕೇಳಿ ತೆಗೆದುಕೊಂಡು ಹೋದರು. ಪರೀಕ್ಷೆ ದೀರ್ಘವಾಗಿ ನಡೆಯಿತು. ಕಿಟಕಿ ಮುಚ್ಚಿದ್ದರೂ ಗೋಡೆಯೊಂದೇ ಆದ್ದರಿಂದ ನಮಗೆ ಕೇಳುತ್ತಿತ್ತು.

ಹೋದ ವರ್ಷ ತಮ್ಮ ಬಳಗದ ಸಮಾರಂಭದಲ್ಲಿ ತಾವು ಅದೇ ಪ್ರೇಮಲೋಕದ ಹಾಡಿಗೆ ಕಣ್ಣೊರೆಸಿಕೊಂಡು ‘ಎಂಥಾ ಸಾಹಿತ್ಯ! ಇಂಥದ್ದು ಇನ್ನು ಹುಟ್ಟೋದಿಲ್ಲ’ ಎಂದಿರಿ. ಆಗ ನನಗೆ ತಮ್ಮ ಶಾಸ್ತ್ರ ಹೊಳೆಯಿತು. ತಮಗೆ ಹಾಡು ಮಾವಿನ ಮಿಡಿಯಿದ್ದಂತೆ. ಇಪ್ಪತ್ತು ವರ್ಷ ಉಪ್ಪಿನ ಜಾಡಿಯಲ್ಲಿ ಕೂತು ಸುಕ್ಕುಗಟ್ಟದೆ ತಮ್ಮ ಎಲೆಯ ಮೇಲೆ ಬೀಳುವಂತಿಲ್ಲ. ಹಸಿಯಾಗಿ ತಿನ್ನುವವರು ಎಳಸು ಹುಡುಗರು, ಹಲ್ಲು ಚುಳಿತರೆ ಅವರ ಪಾಡು. 1974ರ ‘ಸಂಪತ್ತಿಗೆ ಸವಾಲ್’ನಿಂದಾಚೆಗೆ ಡಾ. ರಾಜ್ ತಮ್ಮ ಹಾಡನ್ನು ತಾವೇ ಹಾಡಿಕೊಳ್ಳತೊಡಗಿದಾಗ ತಮ್ಮ ಕುಲದವರು ಏನೆಂದು ಗೊಣಗಿರಬಹುದು ಎಂದು ನಾನು ಊಹಿಸಬಲ್ಲೆ. ‘ಜೀವನಚೈತ್ರ’ದ ಹಾಡಿಗೆ ಅವರಿಗೆ ರಾಷ್ಟ್ರಪ್ರಶಸ್ತಿ ಬರುವ ಹೊತ್ತಿಗೆ ಜಾಡಿಯ ಲೆಕ್ಕ ಸುಮಾರಾಗಿ ಸರಿಹೋಗಿತ್ತು, ನೋಡಿ.

ಭಾಷಾಶುದ್ಧಿಯ ವಿಷಯದಲ್ಲಿ ತಮಗಿರುವ ಕಾಳಜಿಗೂ ಶರಣು. 2006ರ ಕೊನೆಗೆ ‘ಮುಂಗಾರು ಮಳೆ’ ಸುರಿದಾಗ ‘ಉತ್ತರದವರನ್ನು ಕರೆಸಿ ಕನ್ನಡ ಹಾಡಿಸುವ ಗತಿ ಬಂತೇ?’ ಎಂದು ತಾವು ಮರುಗಿದಿರಿ. ಮರುಗಿದ್ದರಲ್ಲಿ ಸ್ವಲ್ಪ ನ್ಯಾಯವಿದೆ. ‘ಳ’ ಬರುವಲ್ಲಿ ‘ಲ’ ಬಂದರೆ ನನ್ನ ಹಲ್ಲಿಗೂ ಕಲ್ಲು ಸಿಕ್ಕಂತಾಗುತ್ತದೆ. ಆದರೆ ತಮ್ಮ ಸುವರ್ಣಯುಗದ ಕಡತವನ್ನು ತಾವೇ ಒಮ್ಮೆ ತೆರೆಯಬೇಕು. ಲತಾ ಮಂಗೇಶ್ಕರ್ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ಕ್ಕೆ ಹಾಡಿದ್ದು 1967ರಲ್ಲಿ. ಅದೇ ವರ್ಷ ಮೊಹಮ್ಮದ್ ರಫಿ ‘ಒಂದೇ ಬಳ್ಳಿಯ ಹೂಗಳು’ ಚಿತ್ರಕ್ಕೆ ಹಾಡಿದರು. ‘ಕುಳ್ಳ ಏಜೆಂಟ್ 000’ಕ್ಕೆ ಕಿಶೋರ್ ಕುಮಾರ್ ಹಾಡಿದರಲ್ಲ, ಅದರಲ್ಲಿ ಯಾವ ಘನಗಂಭೀರ ತತ್ವವಿತ್ತು ಎಂದು ದಯಮಾಡಿ ಅಪ್ಪಣೆ ಕೊಡಿಸಬೇಕು. ಇಷ್ಟಕ್ಕೂ ಶ್ರೀನಿವಾಸರು ಕಾಕಿನಾಡದವರು, ಸುಶೀಲಮ್ಮ ವಿಜಯನಗರಂ ಕಡೆಯವರು, ಜಾನಕಿಯಮ್ಮನೂ ಎಸ್‌ಪಿಬಿಯೂ ಆಂಧ್ರದ ಮಣ್ಣಿನವರು. ಅವರು ನಮ್ಮ ನುಡಿಯನ್ನು ಕಲಿತು, ಪಳಗಿಸಿಕೊಂಡು ಹಾಡಿದರು ಎನ್ನುತ್ತೀರಿ. ಒಪ್ಪಿದೆ. ಕಲಿಯಲು ಕೊಟ್ಟ ಪುರಸೊತ್ತನ್ನು ಆಗ ಯಾರೂ ಲೆಕ್ಕ ಹಾಕಿರಲಿಲ್ಲ ಎಂದಷ್ಟೇ ನನ್ನ ವಿನಂತಿ.

ಎಲ್ಲಕ್ಕಿಂತ ಹೆಚ್ಚು ನಾನು ಋಣಿಯಾಗಿರುವುದು ತಮ್ಮ ಕರೋಕೆ ಸೇವೆಗೆ. ನಿವೃತ್ತಿಯಾದ ಮೇಲೆ ತಾವು ಮತ್ತು ಗೆಳೆಯರು ಸಭಾಂಗಣ ಹಿಡಿದು, ಬ್ಯಾನರ್ ಕಟ್ಟಿಸಿ, ಪರಸ್ಪರ ಶಾಲು ಹೊದಿಸಿಕೊಂಡು ಸಂಜೆಗೆ ನಲವತ್ತು ಹಾಡು ಹಾಡುತ್ತೀರಿ. ಹೊಸ ಹಾಡುಗಳನ್ನು ತಾವು ಬಾಯಲ್ಲಿ ಮಾತ್ರ ಬೈಯುತ್ತೀರಿ. ಹಳೆಯವನ್ನು ಮೈಕಿನಲ್ಲಿ ವಿಚಾರಿಸಿಕೊಳ್ಳುತ್ತೀರಿ. ಟ್ರ್ಯಾಕು ಇನ್ನೂ ನಡುವಿನ ಕೊಳಲು ಮುಗಿಸಿರುವುದಿಲ್ಲ, ತಾವು ಚರಣದೊಳಗೆ ಕಾಲಿಟ್ಟಾಗಿರುತ್ತದೆ. ಯಂತ್ರದ ತಾಳಕ್ಕೆ ದಾಕ್ಷಿಣ್ಯ ಗೊತ್ತಿಲ್ಲ, ಅದು ತನ್ನ ಪಾಡಿಗೆ ಹೋಗುತ್ತದೆ. ತಾವು ತಮ್ಮ ಪಾಡಿಗೆ. ಮೇಲಿನ ಷಡ್ಜದ ಹತ್ತಿರ ಬಂದಾಗ ಕಣ್ಣುಮುಚ್ಚಿ, ಕೈ ಮೇಲೆತ್ತಿ, ಉಳಿದದ್ದನ್ನು ಎಕೋಗೆ ಒಪ್ಪಿಸಿಬಿಡುವ ತಮ್ಮ ನಂಬಿಕೆ ದೊಡ್ಡದು. 2017ರಲ್ಲಿ ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ಜಾನಕಿಯಮ್ಮ ಹಾಡಿ, ಇನ್ನು ಸಾಕೆಂದು ನಮಸ್ಕಾರ ಹೇಳಿದರು. ನಿಲ್ಲಿಸುವ ಹೊತ್ತು ಗೊತ್ತಿರುವುದೂ ಹಾಡುಗಾರಿಕೆಯ ಒಂದು ಅಂಗ ಎಂದು ಆವತ್ತು ನನಗನ್ನಿಸಿತು. ತಮ್ಮನ್ನು ಉದ್ದೇಶಿಸಿ ಹೇಳಿದ್ದಲ್ಲ.

ನಿಜ ಹೇಳಿಬಿಡುತ್ತೇನೆ, ನನಗೂ ಒಂದು ಸಂಕಟವಿದೆ. ರಾಜನ್–ನಾಗೇಂದ್ರ ಸೋದರರ ಹಾಡಿನಲ್ಲಿ ಪಲ್ಲವಿಗೆ ಮುಂಚೆ ಪಿಟೀಲುಗಳು ಬಂದು ಅಂಗಳ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಹಾಕಿ ಹೋಗುತ್ತಿದ್ದವು. ಈಗ ಬಾಗಿಲು ತೆಗೆಯುವಷ್ಟರಲ್ಲಿ ಹಾಡು ಚಪ್ಪಲಿ ಸಮೇತ ನಡುಮನೆಯಲ್ಲಿ ಕೂತಿರುತ್ತದೆ. ಸ್ಪಾಟಿಫೈಯಲ್ಲಿ ಒಂದು ಹಾಡು ಕೇಳಿದ ಲೆಕ್ಕಕ್ಕೆ ಬರಬೇಕಾದರೆ 30 ಸೆಕೆಂಡು ಓಡಬೇಕು. ಅಷ್ಟರೊಳಗೆ ಕೇಳುಗ ಜಾರದಂತೆ ಹಿಡಿಯಬೇಕಾದವನಿಗೆ ರಂಗೋಲಿಗೆ ವ್ಯವಧಾನವೆಲ್ಲಿ? ಇಲ್ಲಿ ತಾವು ‘ಹಾಂ, ಅದನ್ನೇ ನಾನೂ ಹೇಳೋದು’ ಎಂದು ತೊಡೆ ತಟ್ಟುವಿರಿ. ತಾಳಬೇಕು. 78 ಆರ್‌ಪಿಎಂ ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷ ಚಿಲ್ಲರೆಗಿಂತ ಹೆಚ್ಚು ಹಿಡಿಯುತ್ತಿರಲಿಲ್ಲ. ತಮ್ಮ ಹಳೆಯ ಹಾಡುಗಳು ಅಷ್ಟು ಚೊಕ್ಕವಾಗಿ ಮುಗಿದದ್ದು ಬರೀ ಸಂಯಮದಿಂದಲ್ಲ, ಜಾಗವಿಲ್ಲದೆಯೂ ಹೌದು.

ಮೊನ್ನೆ ಮಗಳು ಅಡುಗೆಮನೆಯಲ್ಲಿ ಉತ್ತರ ಕರ್ನಾಟಕದ ಡಿಜೆ ಜಾನಪದ ಹಾಕಿಕೊಂಡು ಚಪಾತಿ ಲಟ್ಟಿಸುತ್ತಿದ್ದಳು. ಸ್ಟೀಲು ಲೋಟ ನಡುಗುತ್ತಿತ್ತು. ‘ಇದೂ ಒಂದು ಹಾಡೇನೇ?’ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂತು. ದನಿ ಮಾತ್ರ ತಮ್ಮದು. ಕಾಫಿಯ ಜೊತೆ ನುಂಗಿಕೊಂಡೆ.

ಆದ್ದರಿಂದ ಮಹಾಶಯರಲ್ಲಿ ಬೇಡಿಕೆಗಳು ಅಲ್ಪ. ಕೆರೆ ಏರಿಯ ಮೇಲೆ ದನಿ ಕೊಂಚ ತಗ್ಗಿಸಬೇಕು. ಕರೋಕೆಯಲ್ಲಿ ಕೊಳಲಿನವನು ತನ್ನ ಪಾಲು ಮುಗಿಸುವವರೆಗೆ ಕಾಯಬೇಕು. ಮತ್ತು ವಠಾರದ ಆ ಹಿರಿಯರು ತಮಗೆ ಸಿಕ್ಕರೆ ನನ್ನ ಪ್ರೇಮಲೋಕದ ಕ್ಯಾಸೆಟ್ಟು ವಾಪಸು ಕೊಡಿಸಬೇಕು. 1988ರ ದಸರಾ ರಜೆಯಲ್ಲಿ ಒಯ್ದದ್ದು. ಒಳಗಿನ ಕಾಗದದ ಮೇಲೆ ನೀಲಿ ಶಾಯಿಯಲ್ಲಿ ನನ್ನ ಹೆಸರಿದೆ. ಬಿ ಸೈಡಿನಲ್ಲಿ ಟೇಪು ಸ್ವಲ್ಪ ಸುಕ್ಕಾಗಿದೆ. ಅಲ್ಲಿ ಪೆನ್ಸಿಲ್ ತೂರಿಸಿ ನಿಧಾನವಾಗಿ ಸುತ್ತಬೇಕು.