ರೆಸ್ಯೂಮೆಗೊಬ್ಬ ರವಿಕೀರ್ತಿ

ಧರ್ಮರಾಯ ಗಾಂಡೀವವನ್ನು ಹೀಯಾಳಿಸಿದನೆಂದು ಅರ್ಜುನ ಅಣ್ಣನ ಮೇಲೆಯೇ ಕತ್ತಿ ಎತ್ತಿದ ಪ್ರಸಂಗ ಮಹಾಭಾರತದ ಕರ್ಣಪರ್ವದಲ್ಲಿದೆ. ‘ಗಾಂಡೀವವನ್ನು ಬೇರೆಯವರಿಗೆ ಕೊಡು’ ಎಂದವರ ತಲೆ ತೆಗೆಯುತ್ತೇನೆಂದು ಅವನ ಪ್ರತಿಜ್ಞೆ. ಕೃಷ್ಣ ನಡುವೆ ಬಂದು, ಹಿರಿಯರನ್ನು ಏಕವಚನದಲ್ಲಿ ಬೈದರೆ ಕೊಂದ ಹಾಗೇ ಲೆಕ್ಕ, ಅಷ್ಟು ಮಾಡಿ ಮುಗಿಸು ಎಂದ. ಬೈದದ್ದಾಯಿತು. ಅಣ್ಣನನ್ನು ಬೈದ ಪಾಪಕ್ಕೆ ಅರ್ಜುನ ಈಗ ತನ್ನ ತಲೆಯನ್ನೇ ಕತ್ತರಿಸಿಕೊಳ್ಳಲು ಹೊರಟ. ಕೃಷ್ಣನ ಹತ್ತಿರ ಅದಕ್ಕೂ ಉಪಾಯವಿತ್ತು: ನಿನ್ನನ್ನು ನೀನೇ ಹೊಗಳಿಕೋ, ಅದು ಪ್ರಾಣ ಬಿಟ್ಟದ್ದಕ್ಕೆ ಸಮ. ಸರಿ, ಶಿವನೊಬ್ಬನನ್ನು ಬಿಟ್ಟರೆ ನನ್ನಂಥ ಬಿಲ್ಲುಗಾರ ಮತ್ತೊಬ್ಬನಿಲ್ಲ ಎಂದು ಅರ್ಜುನ ಶುರುಮಾಡಿದ. ನಮ್ಮ ದೇಶದ ಮೊದಲ ರೆಸ್ಯೂಮೆ ಅದೇ ಇರಬೇಕು.

ಈ ಕಥೆ ಕೇಳಿಕೊಂಡು ಬೆಳೆದವರ ಕೈಗೆ ಖಾಲಿ ಹಾಳೆ ಕೊಟ್ಟು, ನಿಮ್ಮ ಸಾಧನೆಗಳನ್ನು ಬರೆಯಿರಿ ಎಂದರೆ ಹೇಗೆ? ನಮ್ಮಲ್ಲಿ ಹಬ್ಬದಡುಗೆ ಅಮೃತವಾಗಿದ್ದರೂ ಬಡಿಸುವವರು ‘ಉಪ್ಪು ಒಂಚೂರು ಮುಂದಾಯಿತೇನೋ’ ಎನ್ನಲೇಬೇಕು. ರ‍್ಯಾಂಕ್ ಬಂದ ಹುಡುಗಿ ‘ಏನೋ ದೇವರ ದಯೆ’ ಎನ್ನಬೇಕು. ಅಂಥವರು ಕೆಲಸ ಕಳೆದುಕೊಂಡ ಮಾರನೆಯ ದಿನವೇ ಕೂತು, ನಾನು ಗಂಡುಗಲಿ, ನಾನು ಚಕ್ರವರ್ತಿ ಎಂದು ಇಂಗ್ಲಿಷಿನಲ್ಲಿ ಬರೆದುಕೊಳ್ಳಬೇಕು. ಇಂಗ್ಲಿಷ್ ಮೇಷ್ಟ್ರಾಗಿ ನಿವೃತ್ತನಾದವನು ಎಂಬ ಒಂದೇ ಅಪರಾಧಕ್ಕೆ ಮೈಸೂರಿನ ನಮ್ಮ ರಸ್ತೆಯ ಇಂಥ ಹಾಳೆಗಳೆಲ್ಲ ನನ್ನ ಮನೆಗೆ ಬರುತ್ತವೆ.

ನಮ್ಮ ಕಾಲದಲ್ಲಿ ಅದರ ಹೆಸರು ಬಯೋಡೇಟಾ. ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕಾರ್ಬನ್ ಇಟ್ಟು ಹೊಡೆಸಿ, ಮಾರ್ಕ್ಸ್ ಕಾರ್ಡಿನ ಟ್ರೂ ಕಾಪಿಗೆ ಗೆಜೆಟೆಡ್ ಅಧಿಕಾರಿಯ ಸಹಿಗಾಗಿ ಅವರ ಮನೆಯ ಜಗಲಿಯಲ್ಲಿ ಕಾಯುತ್ತಿದ್ದೆವು. ಖಾಲಿ ಹುದ್ದೆಗಳನ್ನು ಉದ್ಯೋಗ ವಿನಿಮಯ ಕಚೇರಿಗೆ ತಿಳಿಸಲೇಬೇಕೆಂದು 1959ರಲ್ಲೇ ಕಾಯಿದೆ ಬಂದಿದ್ದರಿಂದ ಅಲ್ಲೂ ಒಂದು ಕಾರ್ಡು ಮಾಡಿಸಿ, ಪೋಸ್ಟ್‌ಮ್ಯಾನ್ ಬರುವ ಹೊತ್ತಿಗೆ ಗೇಟಿನ ಹತ್ತಿರ ನಿಲ್ಲುತ್ತಿದ್ದೆವು. ಬಯೋಡೇಟಾದಲ್ಲಿ ತಂದೆಯ ಹೆಸರು, ಜನ್ಮದಿನಾಂಕ, ಜಾತಿ, ಮದುವೆಯಾಗಿದೆಯೋ ಇಲ್ಲವೋ ಎಲ್ಲ ಇರುತ್ತಿತ್ತು. ಕೆಲಸ ಬರುತ್ತದೋ ಇಲ್ಲವೋ ಎಂಬುದೊಂದು ಇರುತ್ತಿರಲಿಲ್ಲ. ಅದೇ ಹಾಳೆಗೆ ಗೋತ್ರ, ನಕ್ಷತ್ರ ಸೇರಿಸಿದರೆ ಹೆಣ್ಣಿನ ಕಡೆಯವರಿಗೂ ಕಳಿಸಬಹುದಿತ್ತು.

ಈಗ ಹಾಗಲ್ಲ. ಪಕ್ಕದ ಮನೆಯ ಪುಟ್ಟ ಬೆಂಗಳೂರಿನ ಒಂದು ಕಂಪನಿಯ ಕೆಲಸವನ್ನು ನಾಲ್ಕು ವರ್ಷ ಮಾಡಿದವನು. ಅದರಲ್ಲಿ ಹೆಚ್ಚು ಪಾಲು ಇಲ್ಲಿಯ ಮಹಡಿ ಕೋಣೆಯಿಂದಲೇ. ಒಂದು ಬೆಳಿಗ್ಗೆ ಲ್ಯಾಪ್‌ಟಾಪ್ ತಾನಾಗಿ ಲಾಗ್‌ಔಟ್ ಆಯಿತು, ಆಮೇಲೆ ಇಮೇಲ್ ಬಂತು. ಅಲ್ಲಿಂದೀಚೆಗೆ ಅರ್ಜಿಗಳ ಸುರಿಮಳೆ. ದಿನಾ ಎದ್ದ ಕೂಡಲೇ ನೌಕ್ರಿ ಡಾಟ್ ಕಾಮ್ ತೆಗೆದು, ಪ್ರೊಫೈಲಿನಲ್ಲಿ ಒಂದು ಫುಲ್‌ಸ್ಟಾಪ್ ಅಳಿಸಿ, ಮತ್ತೆ ಹಾಕಿ, ಸೇವ್ ಮಾಡುತ್ತಾನೆ. ಪ್ರೊಫೈಲು ಈಚೆಗೆ ಬದಲಾಗಿದ್ದರೆ ಕಂಪನಿಯವರು ಹುಡುಕಿದಾಗ ಮೇಲೆ ಕಾಣಿಸುತ್ತದಂತೆ. 1997ರಲ್ಲಿ ಶುರುವಾದ ಆ ತಾಣಕ್ಕೆ ಇಷ್ಟು ಶ್ರದ್ಧೆಯಿಂದ ನಿತ್ಯಪೂಜೆ ಸಲ್ಲಿಸುವವರನ್ನು ನಾನು ಬೇರೆ ಕಂಡಿಲ್ಲ. ಎಂಟು ತಿಂಗಳಾದರೂ ಒಂದು ಇಂಟರ್ವ್ಯೂ ಕರೆ ಇಲ್ಲ.

ಅವನ ರೆಸ್ಯೂಮೆ ನೋಡಿದೆ. ಮದುವೆ ಆಹ್ವಾನ ಪತ್ರಿಕೆಗೂ ಅಷ್ಟು ಬಣ್ಣ ಇರುವುದಿಲ್ಲ. ಎಡಗಡೆ ನೀಲಿ ಪಟ್ಟಿ, ಅದರೊಳಗೆ ಗುಂಡಗೆ ಕತ್ತರಿಸಿದ ಫೋಟೋ, ಕೆಳಗೆ ಹವ್ಯಾಸಗಳು. ಬಲಗಡೆ ಅನುಭವ. ಜಾವಾಕ್ಕೆ ನಾಲ್ಕೂವರೆ ನಕ್ಷತ್ರ, ಟೀಮ್‌ವರ್ಕಿಗೆ ಐದು.

‘ಜಾವಾದಲ್ಲಿ ಅರ್ಧ ನಕ್ಷತ್ರ ಯಾರು ಕಿತ್ತುಕೊಂಡ್ರೋ?’ ಅಂದೆ.

‘ಐದೂ ಹಾಕಿದ್ರೆ ಜಂಬ ಅನ್ಸುತ್ತೆ ಸಾರ್.’

ಕರ್ಣಪರ್ವದ ಪ್ರಭಾವ ಎಲ್ಲೆಲ್ಲಿ ಇಳಿದಿದೆ ನೋಡಿ.

ಇಂಥ ಹಾಳೆಯನ್ನು ಮೊದಲು ಓದುವುದು ಮನುಷ್ಯರಲ್ಲ, ಎಟಿಎಸ್ ಎಂಬ ತಂತ್ರಾಂಶ. ಹೆಸರು, ಫೋನು, ಕಂಪನಿ, ಇಸವಿ ಎಂದು ಬಿಡಿಸಿ ತನ್ನ ಖಾನೆಗಳಿಗೆ ತುಂಬಿಕೊಳ್ಳುವುದು ಅದರ ಕೆಲಸ. ಎರಡು ಕಾಲಂ, ಟೇಬಲ್, ಚಿತ್ರ ಕಂಡರೆ ಎಷ್ಟೋ ಸಲ ತಬ್ಬಿಬ್ಬಾಗುತ್ತದೆ. ಅದಕ್ಕೆ ಹೇಗೆ ಕಾಣಬಹುದೆಂದು ತಿಳಿಯಲು ಸುಲಭದ ಪರೀಕ್ಷೆಯಿದೆ: ಎಲ್ಲವನ್ನೂ ಕಾಪಿ ಮಾಡಿ ನೋಟ್‌ಪ್ಯಾಡಿಗೆ ಹಾಕುವುದು. ಪುಟ್ಟ ಹಾಕಿದ. ಫೋಟೋ ಹೋಯಿತು, ನಕ್ಷತ್ರಗಳು ಉದುರಿದವು, ಎಡಗಡೆಯ ಸಾಲುಗಳು ಬಲಗಡೆಯವುಗಳ ಜೊತೆ ಬೆರೆತು ಕೊನೆಗೆ ಉಳಿದದ್ದು: ‘2021ರಿಂದ 2025: ಲಿಸನಿಂಗ್ ಟು ಮ್ಯೂಸಿಕ್.’

ಬಾಗಿಲಲ್ಲಿ ನಿಂತಿದ್ದ ಅವನಪ್ಪ ರಾಯರು, ಕೆಇಬಿಯಿಂದ ನಿವೃತ್ತರಾದವರು, ಕನ್ನಡಕ ಏರಿಸಿ ಓದಿ, ‘ಇದೊಂದು ಮಾತ್ರ ನಿಜ’ ಅಂದರು.

ಬಣ್ಣ ತೆಗೆದು, ಒಂದೇ ಕಾಲಂ ಮಾಡಿದೆವು. ತಂದೆಯ ಹೆಸರು ತೆಗೆದಾಗ ರಾಯರ ಮುಖ ಸಣ್ಣದಾಯಿತು. ‘ಮೇಲ್ಕಂಡ ವಿವರಗಳೆಲ್ಲ ಸತ್ಯವೆಂದು ಈ ಮೂಲಕ ಘೋಷಿಸುತ್ತೇನೆ’ ಎಂಬ ಕೊನೆಯ ಸಾಲಿಗೆ ಕೈ ಹಾಕಿದಾಗಂತೂ, ‘ಸ್ಥಳ, ದಿನಾಂಕ, ಸಹಿ ಇಲ್ಲದ ಕಾಗದಕ್ಕೆ ಏನ್ ಸಾರ್ ಬೆಲೆ? ನಮ್ಮ ಆಫೀಸಲ್ಲಿ ಇಂಥದ್ದನ್ನ ಇನ್ವರ್ಡೂ ಮಾಡ್ತಿರಲಿಲ್ಲ’ ಎಂದು ತಡೆದರು.

ಉಳಿದದ್ದು ಅನುಭವದ ಭಾಗ. ಅದನ್ನು ಪುಟ್ಟ ಎಐ ಕೈಯಲ್ಲಿ ಬರೆಸಿದ್ದ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ನನ್ನ ಮೇಜಿಗೆ ಬರುವ ಹುಡುಗರೆಲ್ಲ ಒಂದೇ ತಾಯಿಯ ಮಕ್ಕಳಂತೆ ಬರೆಯುತ್ತಾರೆ. ಎಲ್ಲರೂ ದೂರದೃಷ್ಟಿಯುಳ್ಳವರು, ಎಲ್ಲರೂ ಪರಿವರ್ತನೆಯ ಹರಿಕಾರರು. ನಾಲ್ಕು ಪ್ಯಾರಾ ಓದಿದರೂ ಹುಡುಗ ಮಾಡುತ್ತಿದ್ದದ್ದು ಸಾಫ್ಟ್‌ವೇರೋ ಸಿಮೆಂಟೋ ತಿಳಿಯಲಿಲ್ಲ. ತಂತ್ರಾಂಶ ದಾಟಿ ಮನುಷ್ಯರ ಕಣ್ಣಿಗೆ ಬಿದ್ದರೂ ಸಿಗುವ ಸಮಯ ಅಷ್ಟರಲ್ಲೇ ಇದೆ. 2018ರಲ್ಲಿ ಅಮೆರಿಕದ ಉದ್ಯೋಗ ತಾಣವೊಂದು ನೇಮಕಾತಿ ಮಾಡುವವರ ಕಣ್ಣಿನ ಚಲನೆಯನ್ನೇ ಅಳೆದು, ಮೊದಲ ನೋಟಕ್ಕೆ ಸರಾಸರಿ 7.4 ಸೆಕೆಂಡು ಎಂದು ಲೆಕ್ಕ ಹಾಕಿತ್ತು. ನಮ್ಮ ಮೈಸೂರಿನಲ್ಲಿ ಅಷ್ಟು ಹೊತ್ತಿಗೆ ‘ಕಾಫಿ ಆಯ್ತಾ’ ಎಂಬ ಪ್ರಶ್ನೆಗೆ ಉತ್ತರವೂ ಬಂದಿರುವುದಿಲ್ಲ.

‘ಹಾಗಾದ್ರೆ ಹೇಗೆ ಬರೀಬೇಕು ಸಾರ್?’ ಅಂದ ಪುಟ್ಟ.

‘ಐಹೊಳೆಗೆ ಹೋಗಿದ್ದೀಯಾ?’ ಅಂದೆ.

ಸ್ಕೂಲ್ ಟ್ರಿಪ್ಪಿನಲ್ಲಿ ಹೋಗಿದ್ದ. ಮೇಗುತಿ ಬಸದಿಯ ಗೋಡೆಯ ಮುಂದೆ ಸೆಲ್ಫಿಯನ್ನೂ ತೆಗೆದುಕೊಂಡಿದ್ದ. ಆ ಗೋಡೆಯ ಮೇಲಿರುವುದು ಇಮ್ಮಡಿ ಪುಲಕೇಶಿಯ ರೆಸ್ಯೂಮೆ. ಬರೆದವನು ಕವಿ ರವಿಕೀರ್ತಿ. ಭಾಷೆ ಸಂಸ್ಕೃತ, ಲಿಪಿ ಹಳಗನ್ನಡದ್ದು. ‘ಪರಾಕ್ರಮಿ, ಶ್ರಮಜೀವಿ, ಒತ್ತಡದಲ್ಲೂ ಕೆಲಸ ಮಾಡಬಲ್ಲ’ ಎಂದು ಬರೆದು ಅವನು ಕೈತೊಳೆದುಕೊಳ್ಳಲಿಲ್ಲ. ಬನವಾಸಿಯನ್ನು ಮುತ್ತಿದ್ದು, ಗಂಗರು, ಆಳುಪರು ಬಂದು ಸೇರಿದ್ದು, ಉತ್ತರದ ಹರ್ಷನನ್ನು ತಡೆದದ್ದು ಎಂದು ಹೆಸರು ಹಿಡಿದು ಹೇಳಿದ. ಮೂರು ಮಹಾರಾಷ್ಟ್ರಕಗಳು ಎಂದಷ್ಟೇ ಹೇಳಿ ಬಿಡದೆ, ಒಟ್ಟು 99,000 ಹಳ್ಳಿಗಳು ಎಂದು ಅಂಕಿ ಹಾಕಿದ. ಈಗಿನ ರೆಸ್ಯೂಮೆ ಪಂಡಿತರು ಸಂಖ್ಯೆ ಕೊಡಿ, ಸಂಖ್ಯೆ ಕೊಡಿ ಎಂದು ಬಾಯಿ ಬಡಿದುಕೊಳ್ಳುವುದು ಇದನ್ನೇ. ದಿನಾಂಕವೂ ಉಂಟು: ಭಾರತ ಯುದ್ಧವಾಗಿ 3735 ವರ್ಷ, ಶಕ 556, ನಮ್ಮ ಲೆಕ್ಕಕ್ಕೆ ಕ್ರಿ.ಶ. 634.

‘ನೋಡಿ, ದಿನಾಂಕ ಇದೆ!’ ಅಂದರು ರಾಯರು. ಆಮೇಲೆ ಅನುಮಾನದಿಂದ, ‘ತಂದೆ ಹೆಸರು?’

ಇತ್ತು. ಜಯಸಿಂಹ, ರಣರಾಗ, ಒಂದನೆಯ ಪುಲಕೇಶಿ, ಕೀರ್ತಿವರ್ಮ, ಮಂಗಳೇಶ ಎಲ್ಲರೂ ಇದ್ದರು. ರಾಯರು ಮಗನ ಕಡೆ ನೋಡಿದ ನೋಟಕ್ಕೆ ನಾನು ವಿಷಯ ಬದಲಿಸಬೇಕಾಯಿತು.

ಸುಳ್ಳು ಹೊಗಳಿಕೆ ಅನ್ನೋಣವೆಂದರೆ, ಪುಲಕೇಶಿಯ ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್ ಕೂಡ ಆಗಿದೆ. ಚೀನಾದಿಂದ ಬಂದ ಹ್ಯೂಯೆನ್‌ತ್ಸಾಂಗ್ ಹರ್ಷನಿಗೆ ಬೇಕಾದವನು. ಅವನೇ ಈ ರಾಜ ಹರ್ಷನಿಗೆ ಮಣಿಯಲಿಲ್ಲವೆಂದು ಬರೆದಿಟ್ಟ. ಎದುರು ಪಕ್ಷದ ಅತಿಥಿ ಕೊಟ್ಟ ಸರ್ಟಿಫಿಕೇಟಿಗಿಂತ ದೊಡ್ಡದು ಯಾವುದಿದೆ? ಎರಡು ವರ್ಷದ ನಕಲಿ ಅನುಭವ ಪತ್ರವನ್ನು ದುಡ್ಡು ಕೊಟ್ಟು ಕೊಳ್ಳುವ ಹುಡುಗರು ನೆನಪಿಡಬೇಕಾದ ಸಂಗತಿ ಇದು.

‘ಗ್ಯಾಪ್ ಇದ್ರೆ ಏನ್ ಮಾಡೋದು ಸಾರ್?’ ಅಂದ ಪುಟ್ಟ. ತನ್ನ ಎಂಟು ತಿಂಗಳನ್ನು ಅವನು ‘ಆತ್ಮಶೋಧನೆಯ ವಿರಾಮ’ ಎಂದು ಎಐ ಕೈಯಲ್ಲಿ ಬರೆಸಿದ್ದ.

ಚಾಲುಕ್ಯರಿಗೂ ಗ್ಯಾಪ್ ಬಿದ್ದಿತ್ತು. 642ರಲ್ಲಿ ಪಲ್ಲವರ ನರಸಿಂಹವರ್ಮ ಬಾದಾಮಿಯನ್ನೇ ಹಿಡಿದ. ಮತ್ತೆ ನೆಲೆ ನಿಲ್ಲಲು ಪುಲಕೇಶಿಯ ಮಗ ಒಂದನೆಯ ವಿಕ್ರಮಾದಿತ್ಯನಿಗೆ ಸುಮಾರು 13 ವರ್ಷ ಬೇಕಾಯಿತು. ಅವನ ತಾಮ್ರಪಟಗಳು ಆ ಅವಧಿಯನ್ನು ಮುಚ್ಚಿಡಲಿಲ್ಲ, ಅಳಲೂ ಇಲ್ಲ. ಮೂವರು ಅರಸರಿಂದ ನಡುವೆ ಕಡಿದುಹೋಗಿದ್ದ ತಂದೆಯ ಸಿರಿಯನ್ನು ಮರಳಿ ಪಡೆದವನು ಎಂದು ಹೇಳಿ ಮುಂದೆ ಹೋದವು. ಕಾರಣ, ಪರಿಹಾರ, ಮುಗಿಯಿತು. ಪುಟ್ಟನೂ ಆತ್ಮಶೋಧನೆಯನ್ನು ಅಳಿಸಿ, ‘ಇಡೀ ತಂಡವನ್ನು ಕೈಬಿಟ್ಟಾಗ ನನ್ನ ಹುದ್ದೆ ಹೋಯಿತು, ಆಮೇಲೆ ಕ್ಲೌಡ್ ಪರೀಕ್ಷೆಯೊಂದನ್ನು ಪಾಸು ಮಾಡಿದೆ’ ಎಂದು ಬರೆದ.

‘ಈಗ ಹೇಳು. ನಾಲ್ಕು ವರ್ಷ ನೀನು ಏನೇನು ಗೆದ್ದೆ?’

‘ಸಪೋರ್ಟ್ ಸಾರ್. ಟಿಕೆಟ್ ಬರುತ್ತೆ, ಕ್ಲೋಸ್ ಮಾಡ್ತೀವಿ.’

‘ಆಮೇಲೆ?’

‘ಮತ್ತೆ ಬರುತ್ತೆ ಸಾರ್.’

ಅವನಮ್ಮ ಪಕ್ಕದಲ್ಲೇ ಕೂತು, ನೆನೆಸಿದ ಅವರೆಕಾಳು ಹಿತುಕುತ್ತಿದ್ದರು. ಬೆರಳ ತುದಿಯಲ್ಲಿ ಒತ್ತಿದರೆ ಬೇಳೆ ಪಾತ್ರೆಗೆ, ಸಿಪ್ಪೆ ಮೊರಕ್ಕೆ. ಕಣ್ಣು ಎತ್ತದೆಯೇ ಅಂದರು: ‘ಅದೇನ್ ಟಿಕೆಟ್ಟೋ ಮೇಷ್ಟ್ರೇ, ರಾತ್ರಿ ಎರಡು ಗಂಟೆಗೆ ಫೋನ್ ಬಡ್ಕೊಳೋದು. ವಾರಕ್ಕೆ ನಾಲ್ಕು ಸಲ. ಮನೆಮಂದಿಯೆಲ್ಲ ಎದ್ದು ಕೂತ್ಕೊಬೇಕು. ಆಮೇಲೆ ಒಂದಿನ ಇದ್ದಕ್ಕಿದ್ದ ಹಾಗೆ ನಿಂತೇ ಹೋಯ್ತು. ಯಾವಳೋ ಹುಡುಗಿ ಇರಬೇಕು, ಈಗ ಜಗಳ ಆಗಿರಬೇಕು ಅಂದ್ಕೊಂಡು ನಾನೂ ಕೇಳೋಕೆ ಹೋಗ್ಲಿಲ್ಲ.’

‘ಅಮ್ಮಾ!’ ಅಂದ ಪುಟ್ಟ.

‘ಯಾಕೆ ನಿಂತಿತು?’ ಅಂದೆ ನಾನು.

‘ಅದಾ ಸಾರ್... ರಾತ್ರಿ ಬಿಲ್ ರೆಡಿ ಮಾಡೋ ಪ್ರೋಗ್ರಾಂ ಒಂದಿತ್ತು. ಹಳೇ ಲಾಗ್ ಫೈಲೆಲ್ಲ ಸೇರ್ಕೊಂಡು ಡಿಸ್ಕ್ ತುಂಬಿ ಹ್ಯಾಂಗ್ ಆಗ್ತಿತ್ತು. ಪ್ರತಿ ಸಲ ಎದ್ದು ರೀಸ್ಟಾರ್ಟ್ ಮಾಡ್ಬೇಕು. ತುಂಬೋದಕ್ಕೆ ಮುಂಚೇನೇ ತಾನೇ ಅಳಿಸಿಹಾಕೋ ಹಾಗೆ ಒಂದು ಸ್ಕ್ರಿಪ್ಟ್ ಬರೆದೆ.’

‘ಬರಿ ಅಂತ ಯಾರು ಹೇಳಿದ್ರು?’

‘ಯಾರೂ ಇಲ್ಲ. ನಿದ್ದೆ ಬರ್ತಿತ್ತು.’

‘ಬೇರೆ ಯಾರಾದ್ರೂ ಉಪಯೋಗಿಸಿದ್ರಾ?’

‘ಇನ್ನೂ ಮೂರು ಟೀಮ್‌ನವರು ತಗೊಂಡ್ರು.’

‘ಇದ್ಯಾಕೆ ರೆಸ್ಯೂಮೆಯಲ್ಲಿ ಇಲ್ಲ?’

‘ಇದು ಕೆಲಸ ಅಲ್ಲ ಸಾರ್. ಹದಿನೈದು ಸಾಲಿನ ಕೋಡು.’

ಹರ್ಷನನ್ನು ತಡೆದವನು, ನರ್ಮದೆಯ ಕಡೆ ಸುಮ್ಮನೆ ವಾಕಿಂಗ್ ಹೋಗಿದ್ದೆ ಎಂದ ಹಾಗಾಯಿತು. ಮಾಡಿದವನಿಗೆ ತನ್ನ ಕೆಲಸ ಕಾಣುವುದಿಲ್ಲ. ಸುಲಭವಾಗಿ ಆದದ್ದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, ಕಷ್ಟಪಟ್ಟದ್ದನ್ನು ನೆನೆಯಲು ಇಷ್ಟವಿರುವುದಿಲ್ಲ. ಅದರಿಂದ ಯಾರಿಗೆ ನಿದ್ದೆ ಬಂತು, ಯಾರಿಗೆ ನೆಮ್ಮದಿಯಾಯಿತು ಎಂಬುದು ಪಕ್ಕದಲ್ಲಿದ್ದವರಿಗೆ ಗೊತ್ತು. ಪುಲಕೇಶಿಯೇ ಉಳಿ ಹಿಡಿದು ಕೂತಿದ್ದರೆ ಐಹೊಳೆಯ ಗೋಡೆಯ ಮೇಲೆ ‘ರಾಜ್ಯಭಾರ ನೋಡಿಕೊಳ್ಳುತ್ತಿದ್ದೆ’ ಎಂಬ ಒಂದು ಸಾಲು ಇರುತ್ತಿತ್ತೋ ಏನೋ. ಎಐಯನ್ನು ಬಯ್ದು ಫಲವಿಲ್ಲ. ಎರಡು ಗಂಟೆ ರಾತ್ರಿಯಲ್ಲಿ ಅದು ಆ ಮನೆಯಲ್ಲಿ ಎದ್ದು ಕೂತಿರಲಿಲ್ಲ. ಈ ತಾಯಿ ಕೂತಿದ್ದರು.

ಸಾಲು ಸಿದ್ಧವಾಯಿತು: ‘ರಾತ್ರಿಯ ಬಿಲ್ಲಿಂಗ್ ನಿಲ್ಲುತ್ತಿದ್ದ ಕಾರಣ ಪತ್ತೆಹಚ್ಚಿ ಸ್ಕ್ರಿಪ್ಟ್ ಬರೆದೆ; ವಾರಕ್ಕೆ ನಾಲ್ಕು ಇದ್ದ ತುರ್ತು ಕರೆ ಸೊನ್ನೆಗೆ ಇಳಿಯಿತು; ಇನ್ನೂ ಮೂರು ತಂಡಗಳು ಅದನ್ನು ಬಳಸಿದವು.’ ಪುಟ್ಟನಿಗೆ ನಾಚಿಕೆಯಾಗಿ ‘ಸೊನ್ನೆ’ ಇದ್ದಲ್ಲಿ ‘ಬಹಳ ಕಡಿಮೆ’ ಎಂದು ತಿದ್ದಲು ಹೋದ. ಅವನಮ್ಮ ಅವರೆಬೇಳೆಯ ಕೈಯಲ್ಲೇ ತಡೆದರು.

ಈ ಸಾಲನ್ನು ಎಲ್ಲಿ ಇಡಬೇಕೆಂಬುದು ಕೆಲಸದ ಜಾಹೀರಾತನ್ನು ನೋಡಿ ತೀರ್ಮಾನಿಸಬೇಕಾದದ್ದು. ಲಿಯೊನಾರ್ಡೊ ಡ ವಿಂಚಿ 1482ರ ಆಸುಪಾಸಿನಲ್ಲಿ ಮಿಲಾನಿನ ಲುಡೊವಿಕೊ ಸ್ಫೋರ್ಜಾನಿಗೆ ಕೆಲಸ ಕೇಳಿ ಸಿದ್ಧಪಡಿಸಿದ ಪತ್ರದಲ್ಲಿ ಹಗುರವಾದ ಸೇತುವೆ, ಫಿರಂಗಿ, ಮುಚ್ಚಿದ ಯುದ್ಧರಥ ಎಂದು ಪಟ್ಟಿ ಕೊಟ್ಟು, ಚಿತ್ರ ಬರೆಯಲೂ ಬರುತ್ತದೆ ಎಂಬುದನ್ನು ಕೊನೆಗೆ ತಳ್ಳಿದ್ದಾನೆ. ದೊರೆಗೆ ಬೇಕಾಗಿದ್ದದ್ದು ಯುದ್ಧದ ಸಾಮಾನು ಎಂದು ಅವನಿಗೆ ಗೊತ್ತಿತ್ತು. ಪುಟ್ಟನೂ ಒಂದೇ ಹಾಳೆಯನ್ನು ಊರಿಗೆಲ್ಲ ಹಂಚುವುದನ್ನು ಬಿಟ್ಟು, ಅವರವರು ಕೇಳಿದ್ದರಲ್ಲಿ ತನಗೆ ನಿಜವಾಗಿ ಬರುವುದನ್ನು ಅವರ ಮಾತಿನಲ್ಲೇ ಮೇಲೆ ತಂದಿಟ್ಟ. ಸ್ಕ್ರಿಪ್ಟ್ ತೆಗೆದುಕೊಂಡ ಆ ಮೂರು ತಂಡಗಳಲ್ಲಿ ಒಬ್ಬ ಈಗ ಬೇರೆ ಕಂಪನಿಯಲ್ಲಿದ್ದಾನೆಂದು ನೆನಪಾಗಿ, ಅವನಿಗೊಂದು ಮೆಸೇಜ್ ಹಾಕಿದ. ‘ಅಯ್ಯೋ, ನಿನ್ನಿಂದ ನಾನೂ ಎರಡು ವರ್ಷ ನಿದ್ದೆ ಮಾಡ್ದೆ ಮಾರಾಯ’ ಎಂದು ಅವನು ರೆಫರಲ್ ಕೊಟ್ಟ.

ಇಂಟರ್ವ್ಯೂ ಕರೆ ಬಂತು. ಒಂದಲ್ಲ, ಬೆನ್ನುಬೆನ್ನಿಗೆ ಎರಡು. ಮೊದಲನೆಯದರಲ್ಲಿ ಅರ್ಧ ಗಂಟೆ ಆ ಹದಿನೈದು ಸಾಲಿನ ಬಗ್ಗೆಯೇ ಪ್ರಶ್ನೆ. ಇದನ್ನು ಮಾಡಲು ಪ್ರೇರಣೆ ಏನು ಎಂದು ಕೇಳಿದ್ದಕ್ಕೆ ಪುಟ್ಟ, ‘ನಿದ್ದೆ ಬರ್ತಿತ್ತು ಸಾರ್’ ಎಂದನಂತೆ. ಪ್ರಶ್ನೆ ಕೇಳುತ್ತಿದ್ದ ಮೂವರೂ ನಕ್ಕರಂತೆ. ಕೆಲಸ ಇನ್ನೂ ಸಿಕ್ಕಿಲ್ಲ, ಎರಡನೆಯ ರೌಂಡು ಬಾಕಿಯಿದೆ. ಆದರೂ ನಮ್ಮ ಮನೆಗೆ ಒಂದು ಡಬ್ಬಿ ಹಿತುಕಿದಬೇಳೆ ಸಾರು ಬಂತು.

ಅದೇ ಉತ್ಸಾಹದಲ್ಲಿ ನನಗೊಂದು ಆಸೆ ಹುಟ್ಟಿತು. ರವಿಕೀರ್ತಿ ಆ ಶಾಸನದ ಕೊನೆಗೆ ತನಗೂ ಒಂದಿಷ್ಟು ಜಾಗ ಮಾಡಿಕೊಂಡು, ಕಾಳಿದಾಸ, ಭಾರವಿಯರ ಕೀರ್ತಿಗೆ ತನ್ನ ಕೀರ್ತಿ ಸಮ ಎಂದು ಹೇಳಿಕೊಂಡಿದ್ದಾನೆ. ಅಷ್ಟಲ್ಲದಿದ್ದರೂ ‘ರೆಫರೆನ್ಸ್’ ಎಂಬ ತಲೆಬರಹದ ಕೆಳಗೆ ನಿವೃತ್ತ ಇಂಗ್ಲಿಷ್ ಅಧ್ಯಾಪಕನ ಹೆಸರು, ವಿದ್ಯಾರ್ಹತೆ ಇರಲಿ ಎಂದು ಎರಡು ಸಾಲು ಟೈಪ್ ಮಾಡಿದೆ. ಪುಟ್ಟ ವಿನಯದಿಂದ ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡ.

‘ರೆಫರೆನ್ಸ್ ಈಗ ಯಾರೂ ಹಾಕಲ್ಲ ಸಾರ್, ಜಾಗ ದಂಡ’ ಎಂದು ಎರಡೂ ಸಾಲು ಅಳಿಸಿ, ಅಲ್ಲಿ ತಾನು ಪಾಸು ಮಾಡಿದ ಕ್ಲೌಡ್ ಪರೀಕ್ಷೆಯ ಹೆಸರು ಹಾಕಿದ.

ಐಹೊಳೆಯ ಕಲ್ಲಿಗೆ ಡಿಲೀಟ್ ಬಟನ್ ಇರಲಿಲ್ಲ; ರವಿಕೀರ್ತಿ ಬದುಕಿಕೊಂಡ.