182 ದಿನದ ಊರು

ನಮ್ಮ ಪಾಂಡವಪುರವನ್ನು ಇಂಗ್ಲಿಷರು ಫ್ರೆಂಚ್ ರಾಕ್ಸ್ ಎನ್ನುತ್ತಿದ್ದರು. ಅದಕ್ಕೂ ಹಿಂದೆ ಅದು ಹಿರೋಡೆ. ಹೈದರನ, ಟಿಪ್ಪುವಿನ ಕೈಕೆಳಗೆ ಸಂಬಳಕ್ಕೆ ಯುದ್ಧ ಮಾಡಲು ಬಂದ ಫ್ರೆಂಚ್ ಸಿಪಾಯಿಗಳು ಇಲ್ಲಿನ ಬಂಡೆಗಳ ಮಗ್ಗುಲಲ್ಲಿ ಬೀಡುಬಿಟ್ಟಿದ್ದರಂತೆ. ಈಗಿನ ಮಾತಿನಲ್ಲಿ ಫ್ರೀಲ್ಯಾನ್ಸರುಗಳು: ಪರದೇಶ, ಕರೆದಾಗ ಕೆಲಸ, ಪಿ.ಎಫ್. ಇಲ್ಲ. ಆದರೆ ಪುಣ್ಯವಂತರು, ಆಗಿನ್ನೂ ಆದಾಯ ತೆರಿಗೆ ಹುಟ್ಟಿರಲಿಲ್ಲ. ಅದು ಇಂಗ್ಲೆಂಡಿನಲ್ಲಿ ಜಾರಿಗೆ ಬಂದದ್ದು 1799ರಲ್ಲಿ, ಫ್ರಾನ್ಸಿನ ಜೊತೆಗಿನ ಯುದ್ಧಕ್ಕೆ ದುಡ್ಡು ಸಾಲದೆ ಪ್ರಧಾನಿ ಪಿಟ್ ಹೇರಿದ್ದು. ಶ್ರೀರಂಗಪಟ್ಟಣ ಬಿದ್ದದ್ದೂ ಅದೇ ವರ್ಷ, ಮೇ 4ರಂದು. ಇವೆರಡರಲ್ಲಿ ದೊಡ್ಡ ಅನಾಹುತ ಯಾವುದು ಎಂದು ನನ್ನ ಸೋದರಳಿಯನನ್ನು ಕೇಳಿದರೆ ಟಿಪ್ಪುವಿನ ಹೆಸರನ್ನೇ ಎತ್ತುವುದಿಲ್ಲ.

ಅವನು ಕೆ.ಆರ್. ಪೇಟೆ ತಾಲೂಕಿನ ಕಿಕ್ಕೇರಿ ಕಡೆಯ ಹುಡುಗ. ಬರ್ಲಿನ್ನಿನಲ್ಲಿ ಮನೆ ಮಾಡಿಕೊಂಡು ಯಾವಯಾವುದೋ ಕಂಪನಿಗಳಿಗೆ ಚಿತ್ರ ಬರೆದುಕೊಡುತ್ತಾನೆ. ಭತ್ತ, ಕಬ್ಬು ಬೆಳೆದ ಹಣಕ್ಕೆ ಆದಾಯ ತೆರಿಗೆ ಇಲ್ಲವಾದ್ದರಿಂದ ಅವರ ಮನೆತನದಲ್ಲಿ ರಿಟರ್ನ್ಸ್ ಎಂಬುದನ್ನು ಯಾರೂ ಕಂಡವರಲ್ಲ. ನಮ್ಮ ಭಾವನಿಗೆ ಇದೊಂದು ಧರ್ಮಸಂಕಟ. "ಅಲ್ಲ ಕಣ್ ಭಾವ, ಹುಡ್ಗ ನಮ್ಮೋನು, ದುಡ್ಡು ಅವ್ರದ್ದು. ಕಟ್ಟಾದ್ ಯಾರ್ಗೆ?" ಎಂದರು. ವ್ಯವಸಾಯಕ್ಕೆ ವಿನಾಯಿತಿ ಇದೆ ಎಂದು ನಾನು ಬಾಯಿ ಬಿಟ್ಟಿದ್ದೇ ತಡ, "ಅಂಗಾರೆ ಅಲ್ಲೇ ಒಂದೆಕ್ರೆ ತಗಂಡು ಕಬ್ ಹಾಕ್ಲಿ!" ಆ ವಿನಾಯಿತಿ ಭಾರತದ ನೆಲಕ್ಕೆ ಮಾತ್ರ ಎಂದು ತಿಳಿಹೇಳುವಷ್ಟರಲ್ಲಿ ಕಾಫಿ ಆರಿತ್ತು.

ಕಾಯ್ದೆಗೆ ಹುಟ್ಟಿದೂರು, ಕುಲದೇವರು, ರೇಷನ್ ಕಾರ್ಡು ಯಾವುದೂ ಬೇಡ. ಅದು ಎಣಿಸುವುದು ದಿನಗಳನ್ನು. ಏಪ್ರಿಲ್ 1ರಿಂದ ಮಾರ್ಚ್ 31ರೊಳಗೆ 182 ದಿನ ಇಲ್ಲಿದ್ದರೆ ನೀನು ಇಲ್ಲಿಯ ನಿವಾಸಿ; ಲೋಕದ ಯಾವ ಮೂಲೆಯಲ್ಲಿ ದುಡಿದರೂ ಸಾಮಾನ್ಯವಾಗಿ ಇಲ್ಲಿ ಲೆಕ್ಕ ಒಪ್ಪಿಸಬೇಕು. ಅದಕ್ಕಿಂತ ಕಡಿಮೆ ಇದ್ದವರನ್ನು ಹಿಡಿಯಲು 60, 120 ದಿನಗಳ ಒಳಕಲಮುಗಳೂ ಉಂಟು. ಅನಿವಾಸಿಯಾದರೆ ಅಲ್ಲಿ ದುಡಿದದ್ದಕ್ಕೆ ಇಲ್ಲಿ ತೆರಿಗೆಯಿಲ್ಲ. ಆದರೆ ಸಂಭಾವನೆ ಮೊದಲು ಅಲ್ಲಿಯ ಖಾತೆಗೆ ಬೀಳಬೇಕು. ನೇರ ಕಿಕ್ಕೇರಿಯ ಬ್ಯಾಂಕಿಗೇ ತರಿಸಿಕೊಂಡರೆ ನಮ್ಮ ಇಲಾಖೆ ಕೈ ಚಾಚಬಹುದು. ಜರ್ಮನಿಯದೂ ಇಂಥದೇ ಎಣಿಕೆ, ಅಲ್ಲಿ ಆರು ತಿಂಗಳಿಗಿಂತ ಹೆಚ್ಚು ತಂಗಿದವನೋ ಮನೆ ಮಾಡಿದವನೋ ಅವರವನೇ. ವರ್ಷ ಮಾತ್ರ ಜನವರಿಯಿಂದ ಶುರು. ಇಬ್ಬರೂ ಒಬ್ಬನನ್ನೇ ತಮ್ಮವನೆಂದು ಎಳೆದಾಡದಿರಲಿ ಎಂದು 1995ರಲ್ಲಿ ಎರಡು ದೇಶಗಳೂ ಒಪ್ಪಂದಕ್ಕೆ ರುಜು ಹಾಕಿವೆ. ಅದನ್ನು ಓದಿದೆ, ಹೊಲದ ಬದು ವ್ಯಾಜ್ಯದ ದಾವಾಪತ್ರ ಇದಕ್ಕಿಂತ ಸರಳ.

ನನಗೆ ರುಚಿಸಿದ್ದು ಇನ್ನೊಂದು ಸಂಗತಿ. ಜರ್ಮನಿಯಲ್ಲಿ ಸ್ವಂತ ದುಡಿಮೆಯವರನ್ನು ಎರಡು ಪಂಗಡ ಮಾಡುತ್ತಾರೆ. ವೈದ್ಯ, ವಕೀಲ, ಅನುವಾದಕ, ಕಲಾವಿದ ಒಂದು ಕಡೆ. ವ್ಯಾಪಾರಿಗಳು, ಕುಶಲಕರ್ಮಿಗಳು ಇನ್ನೊಂದು ಕಡೆ. ಈ ಎರಡನೆಯವರ ಲಾಭ ವರ್ಷಕ್ಕೆ 24,500 ಯೂರೋ ದಾಟಿದರೆ ವ್ಯಾಪಾರ ತೆರಿಗೆ ಬೇರೆ. ನಾಗಮಂಗಲದ ಎರಕದವರೊಬ್ಬರು ಅಲ್ಲಿಗೆ ಹೋದರೆ? ದೇವರ ವಿಗ್ರಹ ಮಾಡಿದ ದಿನ ಕಲಾವಿದ, ಹಿತ್ತಾಳೆ ಚೊಂಬು ಮಾಡಿದ ದಿನ ಕುಶಲಕರ್ಮಿ! ಹೊಯ್ಸಳರ ಶಿಲ್ಪಿಗಳನ್ನು ಯಾವ ಪಂಗಡಕ್ಕೆ ಸೇರಿಸುತ್ತಿದ್ದರೋ. ಹೊಸಹೊಳಲಿನ ಗುಡಿಯ ಗೋಡೆ ನೋಡಿದ ತೆರಿಗೆ ಅಧಿಕಾರಿ ಯಾರೇ ಆಗಲಿ, ಮೊದಲನೆಯದೇ ಎಂದು ಬರೆದಾನು ಎಂಬುದು ನನ್ನ ನಂಬಿಕೆ. ನನ್ನ ಅಳಿಯ ಬರೆಯುವ ಬಿಸ್ಕತ್ ಪೊಟ್ಟಣದ ಚಿತ್ರಗಳ ಬಗ್ಗೆ ಅಷ್ಟು ಧೈರ್ಯವಿಲ್ಲ.

ಈ ಸಲ ಅವನು ಮೇಲುಕೋಟೆ ವೈರಮುಡಿ ಉತ್ಸವಕ್ಕೆ ಬರುತ್ತಾನೆ. ಅದು ಬೀಳುವುದೇ ಮಾರ್ಚ್, ಏಪ್ರಿಲ್ ಆಸುಪಾಸಿನಲ್ಲಿ, ಹಳೆಯ ಲೆಕ್ಕ ಮುಗಿದು ಹೊಸದು ಹಿಡಿಯುವ ಹೊತ್ತಿಗೆ. ತಂಗಿಗೆ ಮಗ ಹೆಚ್ಚು ದಿನ ಇರಲಿ ಎಂದಾಸೆ, 182ರ ಭಯವೂ ಇದೆ. ಆಡಿಟರ್ ಬಳಿ ನನ್ನನ್ನೂ ಎಳೆದುಕೊಂಡು ಹೋದಳು. "ಸಾರ್, ವೈರಮುಡಿ ರಾತ್ರಿ ಸುರುವಾದ್ರೆ ಬೆಳಗಿನ್ ಜಾವದ್ ಗಂಟ ನಡೀತದೆ. ಅದು ಒಂದ್ ದಿನವೋ, ಎರಡೋ?"

ಆಡಿಟರು ಕನ್ನಡಕ ತೆಗೆದು ಒರೆಸಿಕೊಂಡು, ಗಂಭೀರವಾಗಿಯೇ "ಎರಡಮ್ಮ" ಎಂದರು.